ಹಳೇ ವಿಂಡೋಸ್‌ನಲ್ಲಿ ತಂತ್ರಾಂಶ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ ನಿಂತದ್ದು 2020ರ ಜನವರಿ 14ರಂದು. ದುಡ್ಡು ಕೊಟ್ಟ ಸಂಸ್ಥೆಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೂಡ 2023ರ ಜನವರಿ 10ಕ್ಕೆ ಮುಗಿಯಿತು. ವಿಂಡೋಸ್ ಎಕ್ಸ್‌ಪಿಯ ಲೆಕ್ಕ 2014ರ ಏಪ್ರಿಲ್ 8ಕ್ಕೇ ಚುಕ್ತಾ. ಆದರೂ ಪುಟ ವಿನ್ಯಾಸದ ಹಳೇ ತಂತ್ರಾಂಶ ಪೇಜ್‌ಮೇಕರ್ ಬಿಡಲಾಗದ ಡಿಟಿಪಿ ಅಂಗಡಿಗಳಲ್ಲಿ, ಹೊಸ ಡ್ರೈವರ್ ಸಿಗದ ಯಂತ್ರಗಳ ಪಕ್ಕದಲ್ಲಿ, 2 ಜಿಬಿ ರ‍್ಯಾಮ್‌ನ ಮನೆ ಕಂಪ್ಯೂಟರ್‌ಗಳಲ್ಲಿ ಇವೆರಡೂ ಇನ್ನೂ ಓಡುತ್ತಿವೆ. ಕೆಳಗಿನ ಉತ್ತರಗಳು ಮುಖ್ಯವಾಗಿ ವಿಂಡೋಸ್ 7ಕ್ಕೆ. ಎಕ್ಸ್‌ಪಿಗೆ ಬೇರೆ ದಾರಿ ಇರುವಲ್ಲಿ ಹಾಗೆಂದೇ ಹೇಳಿದೆ. ಫೈಲ್ ಹೆಸರು, ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಶುರು ಮಾಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಮೂರು ಸಂಗತಿ: ಯಾವ ವಿಂಡೋಸ್, ಯಾವ ಸರ್ವಿಸ್ ಪ್ಯಾಕ್ (ಅಪ್‌ಡೇಟ್‌ಗಳ ದೊಡ್ಡ ಕಟ್ಟು), 32 ಬಿಟ್ಟೋ 64 ಬಿಟ್ಟೋ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಮೊದಲ ಎರಡು ತಿಳಿಯುತ್ತವೆ. ವಿಂಡೋಸ್ 7ರಲ್ಲಿ ಬಿಲ್ಡ್ 7600 ಎಂದಿದ್ದರೆ ಸರ್ವಿಸ್ ಪ್ಯಾಕ್ ಹಾಕಿಲ್ಲ, 7601 ಎಂದಿದ್ದರೆ ಸರ್ವಿಸ್ ಪ್ಯಾಕ್ 1 ಇದೆ. ವಿಂಡೋಸ್ ಕೀ ಜೊತೆ ಪಾಜ್/ಬ್ರೇಕ್ ಕೀ ಒತ್ತಿದರೆ ತೆರೆಯುವ ಕಿಟಕಿಯ 'ಸಿಸ್ಟಮ್ ಟೈಪ್' ಸಾಲಿನಲ್ಲಿ ಬಿಟ್ ಕಾಣುತ್ತದೆ.

ಡೌನ್‌ಲೋಡ್ ಪುಟಗಳಲ್ಲಿ ಎಕ್ಸ್86 ಎಂದರೆ 32 ಬಿಟ್, ಎಕ್ಸ್64 ಎಂದರೆ 64 ಬಿಟ್. 86 ದೊಡ್ಡ ಸಂಖ್ಯೆ ಎಂದು ಅದನ್ನೇ ಆರಿಸಿಕೊಳ್ಳುವವರು ಕಡಿಮೆ ಇಲ್ಲ.

ಹೊಸ ತಂತ್ರಾಂಶ ಹಳೇ ವಿಂಡೋಸ್‌ನಲ್ಲಿ ಯಾಕೆ ನಡೆಯುವುದಿಲ್ಲ? ರ‍್ಯಾಮ್ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ರ‍್ಯಾಮ್ ಕಡಿಮೆ ಇದ್ದರೆ ತಂತ್ರಾಂಶ ತೆವಳುತ್ತದೆಯೇ ಹೊರತು ಇನ್‌ಸ್ಟಾಲ್ ಆಗುವುದಿಲ್ಲ ಎಂದು ಹಟ ಹಿಡಿಯುವುದು ಅಪರೂಪ. ತಕರಾರು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು.

ಒಂದು, ತಂತ್ರಾಂಶ ಕರೆಯುವ ಫಂಕ್ಷನ್ (ವಿಂಡೋಸ್ ಮಾಡಿಕೊಡುವ ಒಂದು ಸಣ್ಣ ಕೆಲಸ) ಆ ವಿಂಡೋಸ್‌ನಲ್ಲಿ ಹುಟ್ಟೇ ಇಲ್ಲ. ಎರಡು, ಅದು ಓಡಲು ನಂಬಿಕೊಂಡಿರುವ ಫೈಲ್‌ಗಳ ಗಂಟು ರನ್‌ಟೈಮ್, ಅಂದರೆ ವಿಷುಯಲ್ ಸಿ++ ಅಥವಾ ಡಾಟ್‌ನೆಟ್, ಹಾಕಿಲ್ಲ. ಮೂರು, ಇನ್‌ಸ್ಟಾಲರ್ ಮೇಲಿರುವ ಡಿಜಿಟಲ್ ಸಹಿ ಶಾ-2 ಬಗೆಯದು, ಅದನ್ನು ಓದಲು ಹಳೇ ವಿಂಡೋಸ್‌ಗೆ ಬರುವುದಿಲ್ಲ. ನಾಲ್ಕು, ತಯಾರಕರೇ 'ಈ ಆವೃತ್ತಿಗಿಂತ ಕೆಳಗೆ ಬೇಡ' ಎಂದು ಬಾಗಿಲು ಹಾಕಿದ್ದಾರೆ. ಪ್ರತಿ ಇಎಕ್ಸ್‌ಇ ಫೈಲ್‌ನ ತಲೆಭಾಗದಲ್ಲಿ ಕನಿಷ್ಠ ವಿಂಡೋಸ್ ಆವೃತ್ತಿಯ ಸಂಖ್ಯೆ ಬರೆದಿರುತ್ತದೆ: ಎಕ್ಸ್‌ಪಿಗೆ 5.1, ವಿಸ್ಟಾಗೆ 6.0, ವಿಂಡೋಸ್ 7ಕ್ಕೆ 6.1, 8ಕ್ಕೆ 6.2. ಅಲ್ಲಿ 6.0 ಎಂದಿದ್ದರೆ ಎಕ್ಸ್‌ಪಿ ಅದನ್ನು ತೆರೆದೂ ನೋಡುವುದಿಲ್ಲ.

ಎರಡನೆಯದಕ್ಕೂ ಮೂರನೆಯದಕ್ಕೂ ಮದ್ದಿದೆ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಹಳೆಯ ಆವೃತ್ತಿ ಹುಡುಕುವುದೇ ದಾರಿ. ನಿಮ್ಮದು ಯಾವ ಗುಂಪಿನದು ಎಂಬುದನ್ನು ತೆರೆಯ ಮೇಲೆ ಬರುವ ದೋಷದ ಸಂದೇಶವೇ ಹೇಳುತ್ತದೆ. ಅದನ್ನು ಓದದೆ 'ಓಕೆ' ಒತ್ತಿಬಿಡುವುದರಿಂದಲೇ ಅರ್ಧ ದಿನ ಹಾಳಾಗುವುದು.

ಈಗಷ್ಟೇ ಫಾರ್ಮ್ಯಾಟ್ ಮಾಡಿ ವಿಂಡೋಸ್ 7 ಹಾಕಿದೆ. ಯಾವುದರ ಮೇಲೆ ಯಾವುದು ಹಾಕಬೇಕು?

ಇಲ್ಲಿ ಕ್ರಮವೇ ಮುಖ್ಯ. ಪ್ರತಿ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ ಕೆಬಿಯಿಂದ ಶುರುವಾಗುತ್ತದೆ. ಕೆಳಗಿನ ಕೆಬಿ ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ತಾಣದಲ್ಲಿ ಹುಡುಕಿ, ನಿಮ್ಮ ಬಿಟ್‌ಗೆ ತಕ್ಕದ್ದನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ.

1. ಬಿಲ್ಡ್ 7600 ಇದ್ದರೆ ಮೊದಲು ಸರ್ವಿಸ್ ಪ್ಯಾಕ್ 1, ಅಂದರೆ ಕೆಬಿ976932. 32 ಬಿಟ್‌ನದು ಸುಮಾರು 537 ಎಂಬಿ, 64 ಬಿಟ್‌ನದು ಸುಮಾರು 903 ಎಂಬಿ. ಹೀಗೆ ಫೈಲ್‌ನಿಂದ ಹಾಕುವಾಗ ಸಿ ಡ್ರೈವ್‌ನಲ್ಲಿ ಕ್ರಮವಾಗಿ 4.1 ಜಿಬಿ ಮತ್ತು 7.4 ಜಿಬಿ ಖಾಲಿ ಜಾಗ ಬೇಕು. ಜಾಗ ಸಾಲದೆ ನಡುವೆ ನಿಂತರೆ ಹಿಂದಕ್ಕೆ ಬರಲು ಮತ್ತೆ ಒಂದು ಗಂಟೆ.
2. ಕೆಬಿ3020369. ಇದು ಅಪ್‌ಡೇಟ್ ಹಾಕುವ ಯಂತ್ರಾಂಗವನ್ನೇ ಸರಿಪಡಿಸುವ 2015ರ ಸಣ್ಣ ಫೈಲ್.
3. ಕೆಬಿ3125574. ಸರ್ವಿಸ್ ಪ್ಯಾಕ್ 1ರಿಂದ 2016ರ ಏಪ್ರಿಲ್‌ವರೆಗಿನ ಹೆಚ್ಚಿನ ಅಪ್‌ಡೇಟ್‌ಗಳ ಒಟ್ಟು ಗಂಟು. ಸರ್ವಿಸ್ ಪ್ಯಾಕ್ 2 ಎಂದು ಹೆಸರಿಡಲಿಲ್ಲ ಅಷ್ಟೇ. ಎರಡನೆಯದು ಹಾಕದೆ ಇದು ಒಳಗೆ ಹೋಗುವುದಿಲ್ಲ.
4. ಕೆಬಿ4490628, 2019ರ ಮಾರ್ಚ್‌ನದು.
5. ಕೆಬಿ4474419. ಶಾ-2 ಸಹಿ ಓದುವ ಶಕ್ತಿ ಬರುವುದು ಇದರಿಂದ. ಕ್ಯಾಟಲಾಗ್‌ನಲ್ಲಿ ಇದೇ ಸಂಖ್ಯೆಯಡಿ ಒಂದಕ್ಕಿಂತ ಹೆಚ್ಚು ಸಾಲುಗಳಿರುತ್ತವೆ. 2019ರ ಸೆಪ್ಟೆಂಬರ್‌ನದನ್ನು ತೆಗೆದುಕೊಳ್ಳಿ.
6. ಕೆಬಿ4019990, ಡಾಟ್‌ನೆಟ್‌ಗೆ ಬೇಕಾದ ಒಂದು ಡಿಎಲ್ಎಲ್‌ಗಾಗಿ (ಡಿಎಲ್ಎಲ್ ಎಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಫೈಲ್). ಆಮೇಲೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಆಫ್‌ಲೈನ್ ಇನ್‌ಸ್ಟಾಲರ್.
7. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ 2015–2022, ಅಂದರೆ ಮೇಲೆ ಹೇಳಿದ ರನ್‌ಟೈಮ್‌ನ ಇನ್‌ಸ್ಟಾಲರ್.
8. ಕೊನೆಗೆ ಬ್ರೌಸರ್, ಮಿಕ್ಕ ತಂತ್ರಾಂಶಗಳು.

ಪ್ರತಿ ಹಂತದ ನಂತರ ರೀಸ್ಟಾರ್ಟ್ ಕೇಳಿದರೆ ಮಾಡಿ, 'ಆಮೇಲೆ' ಎನ್ನಬೇಡಿ. ಹಿಂದಿನದು ಅರ್ಧಕ್ಕೆ ನಿಂತಿರುವಾಗ ಮುಂದಿನದು ಹಾಕಲು ಹೋದರೆ ಎರಡೂ ಕೆಡುತ್ತವೆ. 'ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರ್‌ಗೆ ಅನ್ವಯಿಸುವುದಿಲ್ಲ' ಎಂಬ ಅರ್ಥದ ಸಾಲು ಬಂದರೆ ಮೂರು ಸಾಧ್ಯತೆ: ಅದು ಮೊದಲೇ ಇದೆ, ಬಿಟ್ ತಪ್ಪಿದೆ, ಇಲ್ಲವೇ ಅದಕ್ಕೆ ಮುಂಚೆ ಬೇಕಾದದ್ದು ಬಿಟ್ಟುಹೋಗಿದೆ.

ಕ್ಯಾಟಲಾಗ್‌ನಿಂದ ತಂದ ಎಂಎಸ್‌ಯು ಫೈಲ್ ಒತ್ತಿದರೆ 'ಅಪ್‌ಡೇಟ್‌ಗಳಿಗಾಗಿ ಹುಡುಕಲಾಗುತ್ತಿದೆ' ಎಂದು ಗಂಟೆಗಟ್ಟಲೆ ನಿಲ್ಲುತ್ತದೆ.

ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ಸರ್ವರ್ ಜೊತೆ ಮಾತಾಡಲು ಹೆಣಗುತ್ತಿರುತ್ತದೆ. ಇಂಟರ್ನೆಟ್ ತಂತಿ ಕಿತ್ತುಬಿಡಿ. ಸರ್ವಿಸಸ್ ಡಾಟ್ ಎಂಎಸ್‌ಸಿ ತೆರೆದು 'ವಿಂಡೋಸ್ ಅಪ್‌ಡೇಟ್' ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟಾಪ್' ಒತ್ತಿ, ಕೂಡಲೇ ಎಂಎಸ್‌ಯು ಓಡಿಸಿ. ಅದಕ್ಕೆ ಬೇಕಾದಾಗ ಸರ್ವಿಸ್ ತಾನೇ ಎದ್ದುಕೊಳ್ಳುತ್ತದೆ. ಮುಂದಿನ ಫೈಲ್‌ಗೂ ಇದೇ ಕಥೆ ಆದರೆ ಮತ್ತೆ ನಿಲ್ಲಿಸಿ.

ದೋಷಸಂಖ್ಯೆ 80092004 ಬಂದರೆ ಶಾ-2 ಬೆಂಬಲ ಇಲ್ಲವೆಂದು ತಿಳಿಯಿರಿ, ಮೇಲಿನ 4 ಮತ್ತು 5ನೇ ಹಂತಕ್ಕೆ ಹೋಗಿ. ಹೊಸದಾಗಿ ಹಾಕಿದ ವಿಂಡೋಸ್ 7ರಲ್ಲಿ ಅಪ್‌ಡೇಟ್ ಗುಂಡಿ ಒತ್ತಿದಾಗ 80072ಇಎಫ್‌ಇ ಬರುವುದು ಬಹಳ ಸಾಮಾನ್ಯ. ಅದರ ಅಪ್‌ಡೇಟ್ ಏಜೆಂಟ್ ತೀರಾ ಹಳೆಯದು, ಈಗಿನ ಸರ್ವರ್ ಜೊತೆ ಅದಕ್ಕೆ ಕೈಕುಲುಕಲು ಬರುವುದಿಲ್ಲ. ಕೆಬಿ3138612 ಮತ್ತು ಅದೇ 4, 5ನೇ ಹಂತಗಳು ಇದಕ್ಕೂ ಮದ್ದು. ಎಕ್ಸ್‌ಪಿ, ವಿಸ್ಟಾ ಇಟ್ಟುಕೊಂಡವರಿಗೆ ಹಳೆಯ ಅಪ್‌ಡೇಟ್‌ಗಳನ್ನು ಮತ್ತೆ ಸಿಗುವಂತೆ ಮಾಡಿರುವ ಲೆಗಸಿ ಅಪ್‌ಡೇಟ್ ಎಂಬ ಸಮುದಾಯದ ಯೋಜನೆ ಇದೆ. ಮೈಕ್ರೋಸಾಫ್ಟ್‌ನದಲ್ಲದಿದ್ದರೂ ಅದು ತಂದುಕೊಡುವುದು ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳನ್ನೇ.

'ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್ ... ಡಿಎಲ್ಎಲ್ ಇಲ್ಲ' ಎನ್ನುತ್ತದೆ. ನೆಟ್‌ನಿಂದ ಆ ಒಂದು ಡಿಎಲ್ಎಲ್ ತಂದು ಹಾಕಿದರೆ ಸಾಲದೇ?

ಬೇಡ. ಅದು ಒಂಟಿ ಫೈಲ್ ಅಲ್ಲ, ಯೂನಿವರ್ಸಲ್ ಸಿ ರನ್‌ಟೈಮ್ ಎಂಬ ಸಂಸಾರದ ಒಬ್ಬ ಸದಸ್ಯ. ಒಂದನ್ನು ತಂದರೆ ಮತ್ತೊಂದು ಇಲ್ಲ ಎನ್ನುತ್ತದೆ, ಅದನ್ನು ತಂದರೆ ಮಗದೊಂದು. ಡಿಎಲ್ಎಲ್ ಬಿಡಿಬಿಡಿಯಾಗಿ ಹಂಚುವ ತಾಣಗಳಲ್ಲಿ ಫೈಲ್‌ನ ಮೂಲ ಯಾವುದು ಎಂದು ಹೇಳುವವರಿಲ್ಲ, ವೈರಸ್ ಬರುವ ಹೆದ್ದಾರಿಯೂ ಅದೇ. ಸರಿಯಾದ ಮದ್ದು ಕೆಬಿ2999226. ಹೆಸರಿನಲ್ಲಿ ಸಿಆರ್‌ಟಿ ಎಂದಿದ್ದರೆ ಇದು.

ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಇಲ್ಲ ಎಂದರೆ ವಿಷುಯಲ್ ಸಿ++ 2015–2022 ಹಾಕಿ. 64 ಬಿಟ್ ವಿಂಡೋಸ್ ಇದ್ದರೆ ಎಕ್ಸ್86, ಎಕ್ಸ್64 ಎರಡನ್ನೂ ಹಾಕಬೇಕು. ತಂತ್ರಾಂಶ 32 ಬಿಟ್‌ನದಾಗಿದ್ದರೆ ಅದು ನೋಡುವುದು ಎಕ್ಸ್86 ರನ್‌ಟೈಮನ್ನು ಮಾತ್ರ. ಕೈಯಾರೆ ಡಿಎಲ್ಎಲ್ ಹಾಕುವವರು ಎಡವುವುದೂ ಇಲ್ಲೇ: 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರ್‌ನಲ್ಲಿರುವುದು 64 ಬಿಟ್ ಡಿಎಲ್ಎಲ್‌ಗಳು, ಸಿಸ್‌ವಾವ್64ರಲ್ಲಿ ಇರುವುದು 32 ಬಿಟ್‌ನವು. ಹೆಸರಿಟ್ಟವರನ್ನೇ ಕೇಳಬೇಕು.

ರೀಡಿಸ್ಟ್ರಿಬ್ಯೂಟಬಲ್ ಹಾಕುವಾಗ 0ಎಕ್ಸ್80240017 ಎಂದು ನಿಂತರೆ ಬಹುತೇಕ ಸರ್ವಿಸ್ ಪ್ಯಾಕ್ 1 ಇಲ್ಲ, ಅಥವಾ ಅದರೊಳಗಿನ ಕೆಬಿ2999226 ಹಾಕಲು ಆಗುತ್ತಿಲ್ಲ. ಆ ಕೆಬಿಯನ್ನು ಮೊದಲು ಬೇರೆಯಾಗಿ ಹಾಕಿ ಆಮೇಲೆ ಇದಕ್ಕೆ ಬನ್ನಿ.

ಕಂಟ್ರೋಲ್ ಪ್ಯಾನಲ್‌ನಲ್ಲಿ ವಿಷುಯಲ್ ಸಿ++ 2005, 2008, 2010 ಎಂದು ಹತ್ತಾರು ಸಾಲುಗಳಿವೆ. ಹಳೆಯದನ್ನೆಲ್ಲ ತೆಗೆಯಬಹುದೇ?

ತೆಗೆಯಬೇಡಿ. 2005ರ ಮೇಲೆ ನಿಂತ ತಂತ್ರಾಂಶಕ್ಕೆ 2010ರದು ಆಗಿಬರುವುದಿಲ್ಲ. 2015ರಿಂದ 2022ರವರೆಗಿನದು ಮಾತ್ರ ಒಂದೇ ಕುಟುಂಬ, ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ.

'ಪ್ರೊಸೀಜರ್ ಎಂಟ್ರಿ ಪಾಯಿಂಟ್ ... ಕರ್ನೆಲ್32 ಡಿಎಲ್ಎಲ್‌ನಲ್ಲಿ ಸಿಗಲಿಲ್ಲ' ಎಂದರೆ?

ಫೈಲ್ ಇದೆ, ಅದರೊಳಗೆ ಆ ಫಂಕ್ಷನ್ ಇಲ್ಲ. ಎಂಟ್ರಿ ಪಾಯಿಂಟ್‌ನ ಹೆಸರನ್ನು ಬರೆದುಕೊಳ್ಳಿ. ಆಡ್‌ಡಿಎಲ್ಎಲ್‌ಡೈರೆಕ್ಟರಿ ಅಥವಾ ಸೆಟ್‌ಡಿಫಾಲ್ಟ್‌ಡಿಎಲ್ಎಲ್‌ಡೈರೆಕ್ಟರೀಸ್ ಎಂದಿದ್ದರೆ ಅದೃಷ್ಟ ನಿಮ್ಮ ಕಡೆ ಇದೆ: ವಿಂಡೋಸ್ 7ಕ್ಕೆ ಇವನ್ನು ಸೇರಿಸುವ ಅಪ್‌ಡೇಟ್ ಕೆಬಿ2533623, ಅದರ ಜಾಗಕ್ಕೆ ಬಂದದ್ದು ಕೆಬಿ3063858. ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್ ಎಂದಿದ್ದರೆ ಅದು ವಿಂಡೋಸ್ 8ರಲ್ಲಿ ಹುಟ್ಟಿದ ಫಂಕ್ಷನ್, ವಿಂಡೋಸ್ 7ಕ್ಕೆ ಅದನ್ನು ತರುವ ಅಪ್‌ಡೇಟ್ ಇಲ್ಲ. 'ಎಪಿಐ-ಎಂಎಸ್-ವಿನ್-ಕೋರ್-ಪಾತ್' ಎಂಬ ಡಿಎಲ್ಎಲ್ ಇಲ್ಲ ಎನ್ನುವುದೂ ಇದೇ ಜಾತಿ. ಪೈಥಾನ್ 3.9 ಅಥವಾ ಅದಕ್ಕಿಂತ ಹೊಸದನ್ನು ವಿಂಡೋಸ್ 7ರಲ್ಲಿ ಓಡಿಸಲು ಹೋದಾಗ ಇದು ಎದುರಾಗುತ್ತದೆ. ಹೆಸರಿನ ಮಧ್ಯೆ ಸಿಆರ್‌ಟಿ ಇದ್ದರೆ ವಾಸಿಯಾಗುತ್ತದೆ, ಕೋರ್ ಇದ್ದರೆ ಹಳೆಯ ಆವೃತ್ತಿ ಹುಡುಕಿ ಎಂದು ನೆನಪಿಟ್ಟುಕೊಂಡರೆ ಹೆಚ್ಚಿನ ಸಲ ಸರಿಹೋಗುತ್ತದೆ.

'ನಾಟ್ ಎ ವ್ಯಾಲಿಡ್ ವಿನ್32 ಅಪ್ಲಿಕೇಶನ್' ಬರುತ್ತಿದೆ.

ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, 64 ಬಿಟ್ ಫೈಲನ್ನು 32 ಬಿಟ್ ವಿಂಡೋಸ್‌ನಲ್ಲಿ ಒತ್ತಿರಬಹುದು, ಅಥವಾ ಎಕ್ಸ್‌ಪಿಯಲ್ಲಿ ವಿಸ್ಟಾ ನಂತರದ ತಂತ್ರಾಂಶ ಹಾಕುತ್ತಿರಬಹುದು. ಮೊದಲು ಫೈಲ್‌ನ ಗಾತ್ರವನ್ನು ಡೌನ್‌ಲೋಡ್ ಪುಟದ ಗಾತ್ರದ ಜೊತೆ ಹೋಲಿಸಿ. ಪುಟದಲ್ಲಿ ಶಾ-256 ಮೊತ್ತ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಉದ್ದನೆಯ ಸಂಖ್ಯೆ) ಕೊಟ್ಟಿದ್ದರೆ ವಿಂಡೋಸ್ 7ರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಕಮಾಂಡ್‌ಗೆ ಹ್ಯಾಶ್‌ಫೈಲ್ ಎಂಬ ಸ್ವಿಚ್ (ಮುಂದೆ ಅಡ್ಡಗೆರೆ ಹಾಕಿ ಬರೆಯುವ ಪದ), ಫೈಲ್‌ನ ಹೆಸರು, ಕೊನೆಗೆ ಶಾ256 ಎಂದು ಕೊಟ್ಟು ತಾಳೆ ನೋಡಬಹುದು.

ಡಾಟ್‌ನೆಟ್ 4.8 ಹಾಕುವಾಗ ಸರ್ಟಿಫಿಕೇಟ್ ಚೈನ್ ಕಟ್ಟಲಾಗಲಿಲ್ಲ ಎನ್ನುತ್ತದೆ.

ಇನ್‌ಸ್ಟಾಲರ್‌ಗೆ ಸಹಿ ಹಾಕಿದ ಮೂಲ ಪ್ರಮಾಣಪತ್ರ ನಿಮ್ಮ ವಿಂಡೋಸ್‌ನ ಪಟ್ಟಿಯಲ್ಲಿ ಇಲ್ಲ. ಇಂಟರ್ನೆಟ್ ಇದ್ದರೆ ವಿಂಡೋಸ್ ಅದನ್ನು ತಾನೇ ತರಿಸಿಕೊಳ್ಳುತ್ತದೆ. ಇಲ್ಲದ ಕಡೆ ಈ ತಕರಾರು. ಮೈಕ್ರೋಸಾಫ್ಟ್‌ನ ತಾಣದಿಂದಲೇ 'ಮೈಕ್ರೋಸಾಫ್ಟ್ ರೂಟ್ ಸರ್ಟಿಫಿಕೇಟ್ ಅಥಾರಿಟಿ 2011' ಎಂಬ ಪ್ರಮಾಣಪತ್ರದ ಫೈಲ್ ತನ್ನಿ. ಕಮಾಂಡ್ ಪ್ರಾಂಪ್ಟ್ ಅನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದು, ಸರ್ಟ್‌ಯುಟಿಲ್‌ಗೆ ಆಡ್‌ಸ್ಟೋರ್ ಸ್ವಿಚ್, ರೂಟ್ ಎಂಬ ಪದ, ಫೈಲ್‌ನ ಹೆಸರು ಈ ಕ್ರಮದಲ್ಲಿ ಕೊಡಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಹಾಕಿದರೆ ಅದು ಸಾಮಾನ್ಯವಾಗಿ ಆ ಬಳಕೆದಾರನ ಪಟ್ಟಿಗೆ ಮಾತ್ರ ಸೇರುತ್ತದೆ. ಇಲ್ಲಿ ಇಡೀ ಕಂಪ್ಯೂಟರ್‌ನ ಪಟ್ಟಿಗೆ ಸೇರಬೇಕು.

ವಿಂಡೋಸ್ 7ಕ್ಕೆ 4.8 ಕೊನೆಯದು, 4.8.1 ಬರುವುದಿಲ್ಲ. ಎಕ್ಸ್‌ಪಿಗೆ 4.0 ಸರಣಿಯೇ ಕೊನೆ. ಇನ್ನು 3.5 ಕೇಳುವ ಹಳೇ ತಂತ್ರಾಂಶಗಳಿಗೆ ವಿಂಡೋಸ್ 7ರಲ್ಲಿ ಏನೂ ಇಳಿಸಬೇಕಿಲ್ಲ, ಕಂಟ್ರೋಲ್ ಪ್ಯಾನಲ್‌ನ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್'ನಲ್ಲಿ 3.5.1ಕ್ಕೆ ಟಿಕ್ ಹಾಕಿದರೆ ಸಾಕು.

ಡೌನ್‌ಲೋಡ್ ಪುಟವೇ ತೆರೆಯುವುದಿಲ್ಲ. ಎಲ್ಲ ತಾಣಗಳೂ ಅಸುರಕ್ಷಿತ ಎನ್ನುತ್ತವೆ.

ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಹತ್ತು-ಹದಿನೈದು ವರ್ಷದ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡ್‌ನ ಸಿಆರ್2032 ಬಟನ್ ಸೆಲ್ ಸತ್ತಿರುತ್ತದೆ. ಸ್ವಿಚ್ ಆರಿಸಿದ ಪ್ರತಿ ಸಲ ದಿನಾಂಕ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ದಿನಾಂಕ ತಪ್ಪಿದರೆ ಪ್ರತಿ ಪ್ರಮಾಣಪತ್ರವೂ 'ಇನ್ನೂ ಜಾರಿಗೆ ಬಂದಿಲ್ಲ' ಎಂದಾಗುತ್ತದೆ. 3 ವೋಲ್ಟ್‌ನ ಆ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪವರ್ ತಂತಿ ಕಿತ್ತು, ಸೆಲ್ ಬದಲಿಸಿ, ಬಯೋಸ್‌ನಲ್ಲಿ ದಿನಾಂಕ ಸರಿಮಾಡಿ.

ಗಡಿಯಾರ ಸರಿಯಿದ್ದರೆ ಅಪರಾಧಿ ಟಿಎಲ್ಎಸ್, ಅಂದರೆ ತಾಣದ ಜೊತೆ ಗುಟ್ಟಾಗಿ ಮಾತಾಡುವ ವಿಧಾನ. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಈಗಿನ ತಾಣಗಳ ಭಾಷೆಯೇ ಬರುವುದಿಲ್ಲ, ಬ್ರೌಸರ್ ಬದಲಿಸಿ. ಬ್ರೌಸರ್ ಸರಿಯಿದ್ದೂ ಬೇರೆ ತಂತ್ರಾಂಶಗಳು ಸರ್ವರ್ ತಲುಪದಿದ್ದರೆ ಕೆಬಿ3140245 ಹಾಕಿ, ಅದರ ಜೊತೆಗೆ ಮೈಕ್ರೋಸಾಫ್ಟ್ ಕೊಟ್ಟಿರುವ 'ಈಸಿ ಫಿಕ್ಸ್' ಫೈಲನ್ನೂ ಓಡಿಸಿ. ಕೆಬಿ ಹಾಕಿದ ಮಾತ್ರಕ್ಕೆ ಟಿಎಲ್ಎಸ್ 1.2 ತಾನೇ ಚಾಲೂ ಆಗುವುದಿಲ್ಲ, ರಿಜಿಸ್ಟ್ರಿಯಲ್ಲಿ ಬೀಗ ತೆಗೆಯುವುದು ಆ ಫೈಲ್. ಇದನ್ನು ಬಿಟ್ಟು 'ಹಾಕಿದರೂ ಆಗಲಿಲ್ಲ' ಎನ್ನುವವರೇ ಹೆಚ್ಚು.

ಯಾವ ಬ್ರೌಸರ್ ಹಾಕಲಿ?

ವಿಂಡೋಸ್ 7, 8, 8.1ಕ್ಕೆ ಫೈರ್‌ಫಾಕ್ಸ್ 115 ಇಎಸ್ಆರ್, ಅಂದರೆ ಹೆಚ್ಚು ಕಾಲ ತೇಪೆ ಸಿಗುವ ಆವೃತ್ತಿ. ಈ ಹಳೇ ವಿಂಡೋಸ್‌ಗಳಿಗೆ ಭದ್ರತಾ ತೇಪೆ ನಿಲ್ಲಿಸುವ ಗಡುವನ್ನು ಮೊಜಿಲ್ಲಾ ಹಲವು ಸಲ ಮುಂದೂಡಿದೆ. ಅದರಲ್ಲೂ 115.13 ಅಥವಾ ನಂತರದ್ದನ್ನೇ ಹಾಕಿ. ಅದಕ್ಕಿಂತ ಹಿಂದಿನವುಗಳ ಒಳಗಿದ್ದ ಒಂದು ಮೂಲ ಪ್ರಮಾಣಪತ್ರ 2025ರ ಮಾರ್ಚ್ 14ಕ್ಕೆ ಅವಧಿ ಮೀರಿ, ಆ್ಯಡ್-ಆನ್‌ಗಳು ಕೆಡುತ್ತವೆ. ಕ್ರೋಮ್‌ಗೆ 109 ಕೊನೆಯದು, 2023ರ ಜನವರಿಯದು. ಆಮೇಲೆ ತೇಪೆ ಇಲ್ಲ. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಂಡಿರುವುದರಿಂದ ವಿಂಡೋಸ್‌ನ ಪಟ್ಟಿ ಹಳತಾಗಿದ್ದರೂ ಅದಕ್ಕೆ ಅಷ್ಟು ತೊಂದರೆಯಿಲ್ಲ.

ಎಕ್ಸ್‌ಪಿಗೆ ಅಧಿಕೃತವಾಗಿ ಕೊನೆಯವು ಫೈರ್‌ಫಾಕ್ಸ್ 52.9 ಇಎಸ್ಆರ್ ಮತ್ತು ಕ್ರೋಮ್ 49. ಎರಡರಲ್ಲೂ ಈಗಿನ ಎಷ್ಟೋ ತಾಣಗಳು ಅಸ್ತವ್ಯಸ್ತ. ಸೂಪರ್‌ಮಿಯಂ, ಮೈಪಾಲ್ ಎಂಬ ಸಮುದಾಯದ ಬ್ರೌಸರ್‌ಗಳು ಎಕ್ಸ್‌ಪಿಯಲ್ಲೂ ನಡೆಯುತ್ತವೆ. ಪುಟ ಓದಲು, ಫೈಲ್ ಇಳಿಸಲು ಸರಿ, ಪಾಸ್‌ವರ್ಡ್ ಹಾಕಬೇಡಿ.

ಪ್ರೊಸೆಸರ್ ತೀರಾ ಹಳೆಯದಾಗಿದ್ದರೆ ಇನ್ನೊಂದು ಗೋಡೆ ಇದೆ: ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳ ಗುಂಪುಗಳಲ್ಲಿ ಫೈರ್‌ಫಾಕ್ಸ್ 49ರಿಂದ ಮುಂದಕ್ಕೆ ಎಸ್‌ಎಸ್‌ಇ2, ಕ್ರೋಮ್ 89ರಿಂದ ಮುಂದಕ್ಕೆ ಎಸ್‌ಎಸ್‌ಇ3 ಇರಲೇಬೇಕು.

ಉಳಿದ ತಂತ್ರಾಂಶಗಳಿಗೆ ಕೊನೆಯ ಆವೃತ್ತಿ ಯಾವುದು?

ಹೆಚ್ಚು ಕೇಳುವವು ಇಷ್ಟು. ಲಿಬ್ರೆಆಫೀಸ್ ವಿಂಡೋಸ್ 7ಕ್ಕೆ 25.2ರವರೆಗೆ, ಎಕ್ಸ್‌ಪಿಗೆ 5.4ರವರೆಗೆ. ಮೈಕ್ರೋಸಾಫ್ಟ್ ಆಫೀಸ್ ವಿಂಡೋಸ್ 7ಕ್ಕೆ 2016, ಎಕ್ಸ್‌ಪಿಗೆ 2010ರ 32 ಬಿಟ್. 2019ಕ್ಕೆ ವಿಂಡೋಸ್ 10 ಬೇಕೇ ಬೇಕು. ಪೈಥಾನ್ ವಿಂಡೋಸ್ 7ಕ್ಕೆ 3.8.10, ಎಕ್ಸ್‌ಪಿಗೆ 3.4.4 — ಇದು ಸಿದ್ಧ ಇನ್‌ಸ್ಟಾಲರ್ ಸಿಗುವ ಕೊನೆಯ ಸಂಖ್ಯೆ. ವಿಷುಯಲ್ ಸ್ಟುಡಿಯೋ ಕೋಡ್ ವಿಂಡೋಸ್ 7ಕ್ಕೆ 1.70. ಗಿಂಪ್ 2.10 ಸರಣಿ ವಿಂಡೋಸ್ 7ರಲ್ಲಿ ನಡೆಯುತ್ತದೆ, 3.0 ನಡೆಯುವುದಿಲ್ಲ. ವಿಎಲ್‌ಸಿ 3.0 ಸರಣಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರಲ್ಲೂ ಓಡುತ್ತದೆ. ಸೆವೆನ್-ಜಿಪ್ ಮಾತ್ರ ಯಾರನ್ನೂ ಕೈಬಿಟ್ಟಿಲ್ಲ, ಹೊಸ ಆವೃತ್ತಿಯೇ ಎಕ್ಸ್‌ಪಿಯಲ್ಲೂ ನಡೆಯುತ್ತದೆ.

ಇವನ್ನು ತಯಾರಕರ ಸಂಗ್ರಹದಿಂದಲೇ ತೆಗೆದುಕೊಳ್ಳಿ. ಮೊಜಿಲ್ಲಾ, ಲಿಬ್ರೆಆಫೀಸ್, ಪೈಥಾನ್, ವಿಎಲ್‌ಸಿ ನಾಲ್ಕೂ ತಮ್ಮ ಹಳೆಯ ಆವೃತ್ತಿಗಳನ್ನೆಲ್ಲ ತಾಣದಲ್ಲಿ ಇಟ್ಟಿವೆ. ಒಂದೆರಡು ಎಂಬಿಯ ಪುಟ್ಟ ಇನ್‌ಸ್ಟಾಲರ್ ಸಿಕ್ಕರೆ ಬಿಡಿ. ಅದು ನೆಟ್‌ನಿಂದ ಇತ್ತೀಚಿನದನ್ನೇ ಎಳೆಯಲು ಹೋಗಿ ಬೀಳುತ್ತದೆ, ಪೂರ್ತಿ ಆಫ್‌ಲೈನ್ ಇನ್‌ಸ್ಟಾಲರ್ ಬೇಕು. ಹಾಕಿದ ಕೂಡಲೇ ತಂತ್ರಾಂಶದೊಳಗಿನ ತಾನೇ-ಅಪ್‌ಡೇಟ್ ಆಗುವ ಆಯ್ಕೆಯನ್ನೂ ನೋಡಿ. ಹಳೇ ವಿಂಡೋಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತನ್ನನ್ನು ತಾನೇ ಹೊಸದು ಮಾಡಿಕೊಂಡು, ಮರುದಿನ ತೆರೆಯದೇ ಹೋಗುವ ತಂತ್ರಾಂಶಗಳಿವೆ. ಫೈರ್‌ಫಾಕ್ಸ್ ಇಎಸ್ಆರ್‌ನಲ್ಲಿ ಆ ಭಯವಿಲ್ಲ, ಅಲ್ಲಿ ಅಪ್‌ಡೇಟ್ ಚಾಲೂ ಇರಲಿ.

ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ 'ವಿಂಡೋಸ್ 10' ಆರಿಸುವಂತೆ ಮಾಡಲಾಗದೇ?

ಆ ಸೌಲಭ್ಯ ಇರುವುದು ಹಳೇ ತಂತ್ರಾಂಶವನ್ನು ಹೊಸ ವಿಂಡೋಸ್‌ನಲ್ಲಿ ಓಡಿಸಲು, ಉಲ್ಟಾ ಅಲ್ಲ. 'ನಾನು ಎಕ್ಸ್‌ಪಿ' ಎಂದು ತಂತ್ರಾಂಶಕ್ಕೆ ಸುಳ್ಳು ಹೇಳಿ, ಕೆಲವು ಹಳೇ ನಡವಳಿಕೆಗಳನ್ನು ನಟಿಸುತ್ತದೆ. ಇಲ್ಲದ ಫಂಕ್ಷನ್ನನ್ನು ಸುಳ್ಳಿನಿಂದ ಹುಟ್ಟಿಸಲಾಗದು.

ಆ ಕೆಲಸಕ್ಕೆಂದೇ ವಿಂಡೋಸ್ 7ಕ್ಕೆ ವಿಎಕ್ಸ್‌ಕೆಕ್ಸ್ ಎಂಬ ಹವ್ಯಾಸಿಗಳ ತಂತ್ರಾಂಶ ಇದೆ, ಹೊಸ ವಿಂಡೋಸ್‌ನ ಕೆಲವು ಫಂಕ್ಷನ್‌ಗಳನ್ನು ಆಯ್ದ ತಂತ್ರಾಂಶಕ್ಕೆ ಮಾತ್ರ ಒದಗಿಸುತ್ತದೆ. ಎಕ್ಸ್‌ಪಿಗೆ ಒನ್-ಕೋರ್-ಎಪಿಐ ಇದೆ. ಅದು ವಿಂಡೋಸ್‌ನ ಮೂಲ ಫೈಲ್‌ಗಳನ್ನೇ ಬದಲಿಸುತ್ತದೆ. ಮೊದಲನೆಯದನ್ನು ಬಿಡುವಿನ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ ಬಳಸಬಹುದು. ಎರಡನೆಯದನ್ನು ದುಡಿಯುವ ಯಂತ್ರಕ್ಕೆ ಹಾಕಬೇಡಿ.

ಇನ್‌ಸ್ಟಾಲರ್ ಒತ್ತಿದ ತಕ್ಷಣ ಫೈಲ್ ಸಿಗಲಿಲ್ಲ ಎನ್ನುತ್ತದೆ, ದಾರಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ.

ವಿಂಡೋಸ್‌ನ ಬಳಕೆದಾರನ ಹೆಸರನ್ನೋ ಫೋಲ್ಡರ್ ಹೆಸರನ್ನೋ ಕನ್ನಡ ಅಕ್ಷರದಲ್ಲಿ ಇಟ್ಟಿದ್ದೀರಿ. ಇದು ನಮ್ಮಲ್ಲಷ್ಟೇ ಅಲ್ಲ, ಭಾರತದ ಬೇರೆ ಲಿಪಿಗಳವರಿಗೂ ಇರುವ ಕಾಟ. ಯೂನಿಕೋಡ್‌ಗೂ ಮುಂಚಿನ ತಂತ್ರಾಂಶಗಳು ಅಕ್ಷರಗಳನ್ನು ಕೋಡ್ ಪೇಜ್ ಎಂಬ ಕೋಷ್ಟಕದಿಂದ ಓದುತ್ತವೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಕೋಷ್ಟಕವೇ ಇಲ್ಲ. ಹಾಗಾಗಿ ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕವಾಗುತ್ತದೆ, ಆ ಹೆಸರಿನ ಫೋಲ್ಡರ್ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ತಂತ್ರಾಂಶಗಳ ಭಾಷೆಯಾಗಿ ಕನ್ನಡವನ್ನು ಆರಿಸೋಣ ಎಂದರೆ ವಿಂಡೋಸ್ 7ರ ಆ ಪಟ್ಟಿಯಲ್ಲಿ ಕನ್ನಡ ಇಲ್ಲದಿರುವುದಕ್ಕೂ ಇದೇ ಕಾರಣ.

ಇನ್‌ಸ್ಟಾಲರನ್ನು ಸಿ ಡ್ರೈವ್‌ನ ಬುಡದಲ್ಲಿ ಸೆಟಪ್ ಎಂಬಂಥ ಇಂಗ್ಲಿಷ್ ಹೆಸರಿನ ಫೋಲ್ಡರ್‌ಗೆ ಸರಿಸಿ. ಆಗಲೂ ಆಗದಿದ್ದರೆ ತೊಡಕು ಟೆಂಪ್ ಫೋಲ್ಡರ್‌ನದು, ಏಕೆಂದರೆ ಅದು ಬಳಕೆದಾರನ ಹೆಸರಿನ ಒಳಗಿದೆ. ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಎನ್ವಿರಾನ್‌ಮೆಂಟ್ ವೇರಿಯೆಬಲ್ಸ್‌ಗೆ ಹೋಗಿ ಟೆಂಪ್, ಟಿಎಂಪಿ ಎರಡನ್ನೂ ಸಿ ಡ್ರೈವ್‌ನ ಟೆಂಪ್ ಎಂಬ ಹೊಸ ಫೋಲ್ಡರ್‌ಗೆ ತಿರುಗಿಸಿ, ಲಾಗ್‌ಆಫ್ ಆಗಿ ಬನ್ನಿ. ಇಂಗ್ಲಿಷ್ ಹೆಸರಿನ ಹೊಸ ಬಳಕೆದಾರನನ್ನು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹಳೇ ಬಳಕೆದಾರನ ಹೆಸರನ್ನು ಕಂಟ್ರೋಲ್ ಪ್ಯಾನಲ್‌ನಲ್ಲಿ ಬದಲಿಸಿದರೆ ಫೋಲ್ಡರ್ ಹೆಸರು ಬದಲಾಗುವುದಿಲ್ಲ.

ನುಡಿ ಇನ್‌ಸ್ಟಾಲ್ ಆಗಿದೆ, ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಇಂಗ್ಲಿಷೇ ಬರುತ್ತದೆ.

ಪೇಜ್‌ಮೇಕರನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದಿದ್ದೀರಾ ನೋಡಿ. ವಿಸ್ಟಾದಿಂದ ಈಚೆಗೆ ಕೆಳ ಅಧಿಕಾರದಲ್ಲಿ ಓಡುವ ತಂತ್ರಾಂಶ ಮೇಲಧಿಕಾರದ್ದರ ಕಿಟಕಿಗೆ ಅಕ್ಷರ ತಳ್ಳುವಂತಿಲ್ಲ. ಪೇಜ್‌ಮೇಕರ್ ಮೇಲೆ, ನುಡಿ ಕೆಳಗೆ ಕೂತರೆ ಕೀಲಿಮಣೆಯ ಒತ್ತುಗಳು ನುಡಿಯನ್ನು ದಾಟಿ ನೇರ ಹೋಗುತ್ತವೆ. ಎರಡನ್ನೂ ಒಂದೇ ಮಟ್ಟದಲ್ಲಿ ತೆರೆಯಿರಿ. ಬರಹ ಬಳಸುವವರಿಗೂ ಇದೇ ಮಾತು.

ಪೇಜ್‌ಮೇಕರ್‌ಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಡವಾಗುವಂತೆ ಮಾಡಲು ಅದನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕದೆ ಸಿ ಡ್ರೈವ್‌ನಲ್ಲೇ ಬೇರೆ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ. ಎಕ್ಸ್‌ಪಿ ಕಾಲದ ತಂತ್ರಾಂಶಗಳಿಗೆ ತಮ್ಮ ಸೆಟ್ಟಿಂಗ್‌ಗಳನ್ನು ತಮ್ಮ ಫೋಲ್ಡರ್‌ನಲ್ಲೇ ಬರೆಯುವ ಚಾಳಿ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಹೋದರೆ ವಿಂಡೋಸ್ 7 ಸದ್ದಿಲ್ಲದೆ ಅದನ್ನು ಬಳಕೆದಾರನ ಆ್ಯಪ್‌ಡೇಟಾದ ಲೋಕಲ್ ಒಳಗಿನ ವರ್ಚುವಲ್‌ಸ್ಟೋರ್ ಫೋಲ್ಡರ್‌ಗೆ ತಿರುಗಿಸುತ್ತದೆ. ಕಳೆದುಹೋಯಿತು ಎಂದುಕೊಂಡ ಸೆಟ್ಟಿಂಗ್ ಫೈಲ್‌ಗಳು ಎಷ್ಟೋ ಸಲ ಅಲ್ಲಿ ಸಿಗುತ್ತವೆ.

ಅಕ್ಷರ ಬಂದರೂ ಕಲಸುಮೇಲೋಗರವಾದರೆ ಅದು ಇನ್‌ಸ್ಟಾಲ್‌ನ ದೋಷವಲ್ಲ. ಪೇಜ್‌ಮೇಕರ್ 7.0ಕ್ಕೆ ಯೂನಿಕೋಡ್ ತಿಳಿಯದು. ನುಡಿಯನ್ನು ಆಸ್ಕಿ ವಿಧಾನಕ್ಕೆ ಬದಲಿಸಿ, ನುಡಿ 01 ಇ ಥರದ ಆಸ್ಕಿ ಫಾಂಟ್ ಆರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯೂನಿಕೋಡ್ ಪಠ್ಯವನ್ನು ಪರಿವರ್ತಕದಲ್ಲಿ ಆಸ್ಕಿಗೆ ಇಳಿಸಿಯೇ ಅಂಟಿಸಬೇಕು.

ಎಕ್ಸ್‌ಪಿಯಲ್ಲಿ ಕನ್ನಡ ಚೌಕಾಕಾರವಾಗಿ ಕಾಣುತ್ತದೆ.

ಎಕ್ಸ್‌ಪಿಯ ಜೊತೆಗೇ ತುಂಗಾ ಫಾಂಟ್ ಬರುತ್ತದೆ, ಎಬ್ಬಿಸಬೇಕು ಅಷ್ಟೇ. ಕಂಟ್ರೋಲ್ ಪ್ಯಾನಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಅದರ ಲ್ಯಾಂಗ್ವೇಜಸ್ ಹಾಳೆಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಟಿಕ್ ಹಾಕಿ. ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಸಿಡಿಯ ಐ386 ಫೋಲ್ಡರನ್ನು ಹಾರ್ಡ್‌ಡಿಸ್ಕ್‌ಗೆ ನಕಲಿಸಿಟ್ಟುಕೊಂಡಿದ್ದರೆ ಅದನ್ನೇ ತೋರಿಸಬಹುದು. ವಿಂಡೋಸ್ 7ರಲ್ಲಿ ಇದಾವುದೂ ಬೇಡ.

ಡ್ರೈವರ್ ಹಾಕಿದರೂ ಸಾಧನದ ಮೇಲೆ ಹಳದಿ ಚಿಹ್ನೆ, ಕೋಡ್ 52.

ಡ್ರೈವರ್‌ನ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 64 ಬಿಟ್ ವಿಂಡೋಸ್ 7ರಲ್ಲಿ ಶಾ-2 ಸಹಿಯ ಪ್ರಿಂಟರ್, ಯುಎಸ್‌ಬಿ ಟೋಕನ್ ಡ್ರೈವರ್‌ಗಳಿಗೆ ಇದು ಬರುತ್ತದೆ. ಕೆಬಿ4474419 ಹಾಕಿದರೆ ಹೆಚ್ಚಿನವು ಸರಿಯಾಗುತ್ತವೆ. ವಿಂಡೋಸ್ 10ಕ್ಕೆಂದೇ ಮೈಕ್ರೋಸಾಫ್ಟ್ ಸಹಿ ಮಾಡಿದ ಡ್ರೈವರ್ ಮಾತ್ರ ಏನು ಮಾಡಿದರೂ ಹತ್ತುವುದಿಲ್ಲ, ತಯಾರಕರ ತಾಣದಲ್ಲಿ ಹಳೆಯ ಡ್ರೈವರ್ ಹುಡುಕಿ. ಬೂಟ್ ಆಗುವಾಗ ಎಫ್8 ಒತ್ತಿ ಸಹಿ ಪರೀಕ್ಷೆಯನ್ನು ನಿಲ್ಲಿಸುವ ದಾರಿ ಆ ಒಂದು ಬೂಟ್‌ಗೆ ಮಾತ್ರ.

ಹಳೇ ವಿಂಡೋಸ್‌ ಬಿಟ್ಟು ಹಳೇ ತಂತ್ರಾಂಶ ಮಾತ್ರ ಉಳಿಸಿಕೊಳ್ಳಬಹುದೇ?

ಸಾಧ್ಯವಿದ್ದರೆ ಅದೇ ಮೇಲು. ಹೊಸ ಕಂಪ್ಯೂಟರ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿ. 1 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಪೇಜ್‌ಮೇಕರ್‌ಗೆ ಧಾರಾಳ. ನೆಟ್‌ವರ್ಕ್ ಅಡಾಪ್ಟರ್ ತೆಗೆದುಬಿಡಿ, ಫೈಲ್ ಸಾಗಿಸಲು ಶೇರ್ಡ್ ಫೋಲ್ಡರ್ ಸಾಕು. ಎಲ್ಲ ಹಾಕಿದ ಮೇಲೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನೇ ಕೆಟ್ಟರೂ ಎರಡು ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಬರಬಹುದು. 16 ಬಿಟ್ ಕಾಲದ ಇನ್‌ಸ್ಟಾಲರ್‌ಗಳಿಗೂ ಇದೇ ಗತಿ: 64 ಬಿಟ್ ವಿಂಡೋಸ್ ಅವನ್ನು ಮುಟ್ಟುವುದಿಲ್ಲ, 32 ಬಿಟ್‌ನದು ಮುಟ್ಟುತ್ತದೆ.

ಹಳೇ ವಿಂಡೋಸ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬಹುದೇ?

ಎಕ್ಸ್‌ಪಿಯಲ್ಲಿ ಖಂಡಿತ ಬೇಡ. ವಿಂಡೋಸ್ 7ರಲ್ಲೂ ಬೇಡ. ಬ್ರೌಸರ್ ಹೊಸದಿದ್ದರೂ ಕೆಳಗಿನ ನೆಲ 2023ರಿಂದ ತೇಪೆ ಕಂಡಿಲ್ಲ.

ಅಂಗಡಿಗೆ ಒಂದು ಪೆನ್‌ಡ್ರೈವ್ ಸಿದ್ಧ ಮಾಡಿಟ್ಟುಕೊಳ್ಳಬೇಕು. ಏನೇನಿರಲಿ?

ಮೇಲಿನ ಎಂಟು ಹಂತದ ಫೈಲ್‌ಗಳು 32 ಮತ್ತು 64 ಬಿಟ್‌ಗೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ, ಹೆಸರಿನ ಮುಂದೆ 01, 02 ಎಂದು ಸಂಖ್ಯೆ ಹಾಕಿ. ಜೊತೆಗೆ 2005ರಿಂದ ಎಲ್ಲ ವಿಷುಯಲ್ ಸಿ++ಗಳು, ರೂಟ್ ಪ್ರಮಾಣಪತ್ರದ ಫೈಲ್, ಫೈರ್‌ಫಾಕ್ಸ್ 115, ಸೆವೆನ್-ಜಿಪ್, ವಿಎಲ್‌ಸಿ, ನುಡಿ, ನಿಮ್ಮಲ್ಲಿರುವ ಪ್ರಿಂಟರ್‌ಗಳ ಡ್ರೈವರ್. 16 ಜಿಬಿ ಪೆನ್‌ಡ್ರೈವ್‌ನಲ್ಲಿ ಎಲ್ಲ ಹಿಡಿಯುತ್ತದೆ. ಒಂದು ಕಂಪ್ಯೂಟರ್ ಪೂರ್ತಿ ಸಿದ್ಧವಾದ ಮೇಲೆ ವಿಂಡೋಸ್ 7ರ ಬ್ಯಾಕಪ್ ಕಿಟಕಿಯಲ್ಲಿರುವ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಬಳಸಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಪ್ರತಿ ತೆಗೆದಿಡಿ. ಆ ಡಿಸ್ಕ್ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರೊಳಗೆ ಹೋಗುವುದಿಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ.